ಪ್ರತಿಕಾಯ ವಂಶವಾಹಿಗಳಲ್ಲಿ ಆಯ್ಕೆಯ ಸಂಖ್ಯಾಶಾಸ್ತ್ರೀಯ ಪತ್ತೆ

ಪ್ರತಿಕಾಯ ವಂಶವಾಹಿಗಳಲ್ಲಿ ಆಯ್ಕೆಯ ಸಂಖ್ಯಾಶಾಸ್ತ್ರೀಯ ಪತ್ತೆ ಎಂಬುದು ಪ್ರತಿಕಾಯಗಳನ್ನು ರೂಪಿಸುವ ವಂಶವಾಹಿಗಳಲ್ಲಿನ ಉತ್ಪರಿವರ್ತನೆಗಳನ್ನು ಎಣಿಸಿ, ಅವು ಕೇವಲ ಆಕಸ್ಮಿಕವಾಗಿ ಉಳಿದುಕೊಂಡವೇ ಅಥವಾ ಪ್ರತಿಜನಕವೊಂದರ ಒತ್ತಡದಿಂದ ಆಯ್ಕೆಗೊಂಡವೇ ಎಂದು ತೀರ್ಮಾನಿಸುವ ವಿಧಾನಗಳ ಸಮೂಹ. ರೋಗನಿರೋಧಶಾಸ್ತ್ರ, ರಕ್ತದ ಕ್ಯಾನ್ಸರ್‌ಗಳ ಅಧ್ಯಯನ, ಸ್ವನಿರೋಧಕ ಕಾಯಿಲೆಗಳ ಸಂಶೋಧನೆ ಮತ್ತು ಲಸಿಕೆಗಳ ಅಭಿವೃದ್ಧಿಯಲ್ಲಿ ಈ ವಿಧಾನಗಳು ಬಳಕೆಯಲ್ಲಿವೆ. ಅಮೈನೋ ಆಮ್ಲವನ್ನು ಬದಲಿಸುವ ಉತ್ಪರಿವರ್ತನೆಗಳಿಗೂ ಬದಲಿಸದ ಉತ್ಪರಿವರ್ತನೆಗಳಿಗೂ ಇರುವ ಅನುಪಾತವೇ ಇವುಗಳ ಮುಖ್ಯ ಆಧಾರ. ಆದರೆ ಪ್ರತಿಕಾಯ ವಂಶವಾಹಿಗಳಲ್ಲಿ ಉತ್ಪರಿವರ್ತನೆಯು ಎಲ್ಲೆಡೆ ಸಮವಾಗಿ ನಡೆಯುವುದಿಲ್ಲ. ಆಯ್ಕೆ ಇಲ್ಲದಿದ್ದರೆ ಈ ಅನುಪಾತ ಎಷ್ಟಿರುತ್ತಿತ್ತು ಎಂಬುದನ್ನು ಸರಿಯಾಗಿ ತಿಳಿಯದೆ ಮಾಡಿದ ಪರೀಕ್ಷೆಗಳು ಇಲ್ಲದ ಆಯ್ಕೆಯನ್ನು ಇದೆಯೆಂದೂ ಇರುವ ಆಯ್ಕೆಯನ್ನು ಇಲ್ಲವೆಂದೂ ತೋರಿಸಬಲ್ಲವು.

## ಹಿನ್ನೆಲೆ

### ಪ್ರತಿಕಾಯದ ರಚನೆ

ಪ್ರತಿಕಾಯವು ಬಿ ಜೀವಕೋಶಗಳು ತಯಾರಿಸುವ ಪ್ರೋಟೀನು. ಅದರಲ್ಲಿ ಎರಡು ಭಾರ ಸರಪಳಿಗಳೂ ಎರಡು ಹಗುರ ಸರಪಳಿಗಳೂ ಇರುತ್ತವೆ. ಪ್ರತಿಯೊಂದು ಸರಪಳಿಯ ತುದಿಯಲ್ಲಿ, ಒಂದು ಪ್ರತಿಕಾಯದಿಂದ ಇನ್ನೊಂದಕ್ಕೆ ಬಹಳವಾಗಿ ವ್ಯತ್ಯಾಸಗೊಳ್ಳುವ ಚರ ಭಾಗವಿದೆ. ಚರ ಭಾಗದೊಳಗೆ ಪ್ರತಿಜನಕವನ್ನು ನೇರವಾಗಿ ಮುಟ್ಟುವ ಮೂರು ಕುಣಿಕೆಗಳಿವೆ. ಇವುಗಳನ್ನು ಪೂರಕತೆ ನಿರ್ಧರಿಸುವ ಭಾಗಗಳು, ಸಂಕ್ಷೇಪದಲ್ಲಿ ಸಿಡಿಆರ್, ಎನ್ನುತ್ತಾರೆ. ಈ ಕುಣಿಕೆಗಳನ್ನು ಸರಿಯಾದ ಆಕಾರದಲ್ಲಿ ಹಿಡಿದಿಡುವ ಉಳಿದ ನಾಲ್ಕು ಭಾಗಗಳಿಗೆ ಚೌಕಟ್ಟು ಭಾಗಗಳು ಎಂದು ಹೆಸರು. 1970ರಲ್ಲಿ ತೈ ತೆ ವು ಮತ್ತು ಎಲ್ವಿನ್ ಕಬಾಟ್ ಅವರು ಆಗ ಲಭ್ಯವಿದ್ದ ಪ್ರತಿಕಾಯಗಳ ಅಮೈನೋ ಆಮ್ಲ ಅನುಕ್ರಮಗಳನ್ನು ಒಂದರ ಕೆಳಗೊಂದು ಜೋಡಿಸಿ, ವ್ಯತ್ಯಾಸವು ಕೆಲವೇ ಸ್ಥಾನಗಳಲ್ಲಿ ಗುಂಪುಗೂಡಿರುವುದನ್ನು ತೋರಿಸಿದರು. ಸಿಡಿಆರ್ ಎಂಬ ಪರಿಕಲ್ಪನೆಗೆ ಈ ಕೆಲಸವೇ ತಳಹದಿ.

ಚರ ಭಾಗವನ್ನು ರೂಪಿಸುವ ವಂಶವಾಹಿಯು ಹುಟ್ಟಿನಿಂದ ಇಡಿಯಾಗಿ ಇರುವುದಿಲ್ಲ. ಬಿ ಜೀವಕೋಶವು ಬೆಳೆಯುವಾಗ ಹಲವು ತುಣುಕುಗಳಲ್ಲಿ ಕೆಲವನ್ನು ಆರಿಸಿ ಜೋಡಿಸಿಕೊಳ್ಳುತ್ತದೆ. 1976ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ ಸುಸುಮು ತೊನೆಗಾವಾ ಅವರಿಗೆ 1987ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

### ಉತ್ಪರಿವರ್ತನೆ ಮತ್ತು ಆಯ್ಕೆ

ದೇಹಕ್ಕೆ ಸೋಂಕು ತಗುಲಿದಾಗ ಅಥವಾ ಲಸಿಕೆ ನೀಡಿದಾಗ ದುಗ್ಧಗ್ರಂಥಿಗಳಲ್ಲಿಯೂ ಗುಲ್ಮದಲ್ಲಿಯೂ ಅಂಕುರ ಕೇಂದ್ರಗಳೆಂಬ ತಾತ್ಕಾಲಿಕ ರಚನೆಗಳು ಮೂಡುತ್ತವೆ. ಅಲ್ಲಿ ಬಿ ಜೀವಕೋಶಗಳು ವೇಗವಾಗಿ ವಿಭಜಿಸುತ್ತಾ ತಮ್ಮ ಪ್ರತಿಕಾಯ ವಂಶವಾಹಿಗಳಲ್ಲಿ ಉತ್ಪರಿವರ್ತನೆಗಳನ್ನು ಗಳಿಸುತ್ತವೆ. ಇದನ್ನು ದೈಹಿಕ ಅತಿ-ಉತ್ಪರಿವರ್ತನೆ ಎಂದು ಕರೆಯಲಾಗುತ್ತದೆ. ಪ್ರತಿ ವಿಭಜನೆಯಲ್ಲಿ ಸುಮಾರು 1,000 ಪ್ರತ್ಯಾಮ್ಲಗಳಿಗೆ ಒಂದರಂತೆ ಬದಲಾವಣೆಯಾಗುತ್ತದೆ. ಇದು ಜೀವಕೋಶದ ಇತರ ವಂಶವಾಹಿಗಳಲ್ಲಿನ ದರಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು. ಈ ಕ್ರಿಯೆಯನ್ನು ಆರಂಭಿಸುವ ಕಿಣ್ವ ಎಐಡಿ. ಇದನ್ನು ಜಪಾನಿನ ತಸುಕು ಹೊಂಜೊ ಅವರ ತಂಡ 1999ರಲ್ಲಿ ವರದಿ ಮಾಡಿತು. ಈ ಕಿಣ್ವವು ಡಿಎನ್‌ಎಯಲ್ಲಿನ ಸೈಟೋಸಿನನ್ನು ಯುರಾಸಿಲ್ ಆಗಿ ಪರಿವರ್ತಿಸುತ್ತದೆ. ಆ ಗಾಯವನ್ನು ದುರಸ್ತಿ ಮಾಡುವ ಹಾದಿಯಲ್ಲಿ ನಾನಾ ಬಗೆಯ ಉತ್ಪರಿವರ್ತನೆಗಳು ಉಂಟಾಗುತ್ತವೆ.

ಉತ್ಪರಿವರ್ತನೆಗೊಂಡ ಜೀವಕೋಶಗಳಲ್ಲಿ ಪ್ರತಿಜನಕವನ್ನು ಬಿಗಿಯಾಗಿ ಹಿಡಿಯಬಲ್ಲವು ಉಳಿದು ವೃದ್ಧಿಯಾಗುತ್ತವೆ. ಹಿಡಿಯಲಾರದವು ಮತ್ತು ಪ್ರತಿಕಾಯದ ಆಕಾರವನ್ನೇ ಕಳೆದುಕೊಂಡವು ಸಾಯುತ್ತವೆ. ಮೊದಲನೆಯದು ಧನಾತ್ಮಕ ಆಯ್ಕೆ, ಎರಡನೆಯದು ಋಣಾತ್ಮಕ ಆಯ್ಕೆ. ರೋಗನಿರೋಧ ಪ್ರತಿಕ್ರಿಯೆ ಮುಂದುವರಿದಂತೆ ಪ್ರತಿಕಾಯಗಳ ಬಂಧನಶಕ್ತಿ ಹೆಚ್ಚುತ್ತಾ ಹೋಗುವುದನ್ನು ಹರ್ಮನ್ ಐಸೆನ್ ಮತ್ತು ಗ್ರೆಗರಿ ಸಿಸ್ಕಿಂಡ್ 1964ರಲ್ಲಿ ದಾಖಲಿಸಿದ್ದರು. ಮ್ಯಾಕ್‌ಫರ್ಲೇನ್ ಬರ್ನೆಟ್ 1957ರಲ್ಲಿ ಮಂಡಿಸಿದ ತದ್ರೂಪಿ ಆಯ್ಕೆಯ ಸಿದ್ಧಾಂತವು ಇದಕ್ಕೆ ವಿವರಣೆಯನ್ನು ಒದಗಿಸಿತು. ಡಾರ್ವಿನ್ ಹೇಳಿದ ವಿಕಾಸವು ಒಂದೇ ದೇಹದೊಳಗೆ, ಕೆಲವೇ ವಾರಗಳಲ್ಲಿ, ನಡೆಯುವ ದೃಷ್ಟಾಂತವೆಂದು ಅಂಕುರ ಕೇಂದ್ರಗಳನ್ನು ಪರಿಗಣಿಸುವುದುಂಟು.

## ಪರೀಕ್ಷೆಯ ಮೂಲ ತರ್ಕ

ಆಯ್ಕೆ ನಡೆಯುವುದನ್ನು ಕಣ್ಣಾರೆ ನೋಡುವುದು ಸಾಧ್ಯವಿಲ್ಲ. ಸಂಶೋಧಕರಿಗೆ ಸಿಗುವುದು ಉಳಿದುಕೊಂಡ ಜೀವಕೋಶಗಳ ವಂಶವಾಹಿ ಅನುಕ್ರಮ ಮಾತ್ರ. ಸತ್ತುಹೋದ ಜೀವಕೋಶಗಳಲ್ಲಿ ಯಾವ ಉತ್ಪರಿವರ್ತನೆಗಳಿದ್ದವು ಎಂಬುದಕ್ಕೆ ದಾಖಲೆ ಇರುವುದಿಲ್ಲ. ಆದ್ದರಿಂದ ಉಳಿದವುಗಳ ಲೆಕ್ಕದಿಂದ ಅಳಿದವುಗಳನ್ನು ಊಹಿಸಬೇಕಾಗುತ್ತದೆ.

ಇದಕ್ಕಾಗಿ ಉತ್ಪರಿವರ್ತನೆಗಳನ್ನು ಎರಡಾಗಿ ವಿಂಗಡಿಸಲಾಗುತ್ತದೆ. ಕೋಡಾನ್ ಬದಲಾದಾಗ ಅದು ಸೂಚಿಸುವ ಅಮೈನೋ ಆಮ್ಲವೂ ಬದಲಾದರೆ ಅದು ಬದಲಿ ಉತ್ಪರಿವರ್ತನೆ (ಆರ್). ಅಮೈನೋ ಆಮ್ಲ ಹಾಗೆಯೇ ಉಳಿದರೆ ಅದು ಮೂಕ ಉತ್ಪರಿವರ್ತನೆ (ಎಸ್). ಮೂಕ ಉತ್ಪರಿವರ್ತನೆಯಿಂದ ಪ್ರೋಟೀನು ಬದಲಾಗುವುದಿಲ್ಲವಾದ್ದರಿಂದ ಆಯ್ಕೆಯ ಕಣ್ಣಿಗೆ ಅದು ಬೀಳದು. ಹಾಗಾಗಿ ಅದನ್ನು ಅಳತೆಗೋಲಿನಂತೆ ಬಳಸಬಹುದು.

ತಳಿ ಸಂಕೇತದ ಕೋಷ್ಟಕದಲ್ಲಿ ಅಮೈನೋ ಆಮ್ಲವನ್ನು ಸೂಚಿಸುವ 61 ಕೋಡಾನ್‌ಗಳಿವೆ. ಪ್ರತಿಯೊಂದರಲ್ಲಿ ಮೂರು ಅಕ್ಷರಗಳು, ಪ್ರತಿ ಅಕ್ಷರಕ್ಕೆ ಮೂರು ಬದಲಾವಣೆಗಳು ಸಾಧ್ಯವಿರುವುದರಿಂದ ಒಟ್ಟು 549 ಏಕಾಕ್ಷರ ಬದಲಾವಣೆಗಳು ಸಾಧ್ಯ. ಇವುಗಳಲ್ಲಿ 134 ಮೂಕ, 392 ಬದಲಿ, ಉಳಿದ 23 ಪ್ರೋಟೀನನ್ನು ಅರ್ಧಕ್ಕೆ ನಿಲ್ಲಿಸುವಂಥವು. 392ನ್ನು 134ರಿಂದ ಭಾಗಿಸಿದರೆ ಸುಮಾರು 2.9 ಬರುತ್ತದೆ. ಆಯ್ಕೆ ಇಲ್ಲದಿದ್ದರೆ ಆರ್/ಎಸ್ ಅನುಪಾತ 2.9 ಇರಬೇಕೆಂದೂ, ಸಿಡಿಆರ್‌ನಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಧನಾತ್ಮಕ ಆಯ್ಕೆ, ಚೌಕಟ್ಟಿನಲ್ಲಿ ಕಡಿಮೆಯಿದ್ದರೆ ಋಣಾತ್ಮಕ ಆಯ್ಕೆ ಎಂದೂ ಆರಂಭದ ಅನೇಕ ಅಧ್ಯಯನಗಳು ತೀರ್ಮಾನಿಸಿದವು. 549 ಬದಲಾವಣೆಗಳೂ ಸಮಾನ ಸಂಭವನೀಯತೆಯವು ಮತ್ತು 61 ಕೋಡಾನ್‌ಗಳೂ ಸಮಾನವಾಗಿ ಬಳಕೆಯಾಗುತ್ತವೆ ಎಂಬ ಎರಡು ಕಲ್ಪನೆಗಳು ಈ ಸಂಖ್ಯೆಯ ಹಿಂದೆ ಅಡಗಿವೆ. ಪ್ರತಿಕಾಯ ವಂಶವಾಹಿಗಳ ವಿಷಯದಲ್ಲಿ ಇವೆರಡೂ ನಿಜವಲ್ಲ.

## ಇತಿಹಾಸ

1987ರಲ್ಲಿ ಮಾರ್ಕ್ ಶ್ಲೋಮ್ಚಿಕ್, ಮಾರ್ಟಿನ್ ವೈಗರ್ಟ್ ಮತ್ತು ಸಂಗಡಿಗರು ಸ್ವನಿರೋಧಕ ಕಾಯಿಲೆಯಿರುವ ಇಲಿಗಳ ಪ್ರತಿಕಾಯಗಳನ್ನು ಅಧ್ಯಯನ ಮಾಡುವಾಗ ಬದಲಿ ಮತ್ತು ಮೂಕ ಉತ್ಪರಿವರ್ತನೆಗಳ ಹಂಚಿಕೆಯನ್ನು ಆಯ್ಕೆಯ ಸಾಕ್ಷ್ಯವಾಗಿ ಬಳಸಿದರು. 1994ರಲ್ಲಿ ಚಾಂಗ್ ಮತ್ತು ಪಾವೊಲೊ ಕಸಾಲಿ ಅವರು 2.9 ಎಂಬ ಒಂದೇ ಸಂಖ್ಯೆಗೆ ಬದಲಾಗಿ, ಆಯಾ ಮೂಲ ವಂಶವಾಹಿಯ ಕೋಡಾನ್‌ಗಳನ್ನು ಲೆಕ್ಕ ಹಾಕಿ ನಿರೀಕ್ಷಿತ ಪ್ರಮಾಣವನ್ನು ಪಡೆದು, ದ್ವಿಪದ ವಿತರಣೆಯ ಮೂಲಕ ಪರೀಕ್ಷಿಸುವ ಕ್ರಮವನ್ನು ಮುಂದಿಟ್ಟರು. ಮಾನವನ ಅನೇಕ ಭಾರ ಸರಪಳಿ ವಂಶವಾಹಿಗಳಲ್ಲಿ ಮೊದಲ ಸಿಡಿಆರ್ ತನ್ನ ಕೋಡಾನ್‌ಗಳ ಕಾರಣದಿಂದಲೇ ಅಮೈನೋ ಆಮ್ಲ ಬದಲಾವಣೆಗೆ ಸುಲಭವಾಗಿ ಒಳಗಾಗುತ್ತದೆ ಎಂಬುದು ಅವರ ಮುಖ್ಯ ವಾದವಾಗಿತ್ತು. 2000ದಲ್ಲಿ ಇಜಿಡೋರ್ ಲೊಸೋಸ್ ಮತ್ತು ಸಹೋದ್ಯೋಗಿಗಳು ಬಹುಪದ ವಿತರಣೆಯನ್ನು ಆಧರಿಸಿದ ಪರೀಕ್ಷೆಯನ್ನು ಸೂಚಿಸಿದರು.

ಇದೇ ಅವಧಿಯಲ್ಲಿ ಆಕ್ಷೇಪಗಳೂ ಕೇಳಿಬಂದವು. ಉತ್ಪರಿವರ್ತನೆಯು ತನ್ನದೇ ಬಲವಾದ ಒಲವುಗಳನ್ನು ಹೊಂದಿರುವುದರಿಂದ ಇಂತಹ ವಿಶ್ಲೇಷಣೆಯೇ ಸಾಧುವಲ್ಲವೆಂದು ಡೆಬೊರಾ ಡನ್-ವಾಲ್ಟರ್ಸ್ ಮತ್ತು ಜೋ ಸ್ಪೆನ್ಸರ್ 1998ರಲ್ಲಿ ವಾದಿಸಿದರು. ಭಾರತದಿಂದ, ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿಪ್ಲಬ್ ಬೋಸ್ ಮತ್ತು ಸುಬ್ರತ ಸಿನ್ಹಾ 2005ರಲ್ಲಿ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಅವರು ವಿವಿಧ ಭಾಗಗಳ ಸಹಜ ಉತ್ಪರಿವರ್ತನಶೀಲತೆಯನ್ನು ಲೆಕ್ಕಕ್ಕೆ ಸೇರಿಸಿ ಪರೀಕ್ಷೆಯನ್ನು ತಿದ್ದಿದರು. ಹಾಗೆ ತಿದ್ದಿದ ಮೇಲೆಯೂ ಅನೇಕ ತದ್ರೂಪಿ ಗುಂಪುಗಳಲ್ಲಿ ಪ್ರತಿಜನಕದ ಆಯ್ಕೆಯನ್ನು ಸಂಖ್ಯಾಶಾಸ್ತ್ರೀಯ ಮಾನಗಳು ಪ್ರತಿಫಲಿಸುವುದಿಲ್ಲವೆಂದೂ, ಆಯ್ಕೆಯು ಸಿಡಿಆರ್ ಮತ್ತು ಚೌಕಟ್ಟು ಎರಡರಲ್ಲಿಯೂ ಬದಲಿ ಉತ್ಪರಿವರ್ತನೆಗಳ ಪರವಾಗಿಯೂ ವಿರುದ್ಧವಾಗಿಯೂ ವರ್ತಿಸಬಲ್ಲದೆಂದೂ ಅವರು ನಿರೂಪಿಸಿದರು. 2008ರ ನಂತರ ಪರೀಕ್ಷೆಗಳ ಸುಧಾರಣೆ ವೇಗ ಪಡೆಯಿತು.

## ಪ್ರಮುಖ ದೋಷಗಳು

### ಎಲ್ಲ ತಾಣಗಳೂ ಸಮಾನವಲ್ಲ

ಎಐಡಿ ಕಿಣ್ವವು ಕೆಲವು ಅಕ್ಷರಜೋಡಣೆಗಳನ್ನು ಹೆಚ್ಚು ಇಷ್ಟಪಡುತ್ತದೆ. ಇಗೊರ್ ರೊಗೋಜಿನ್ ಮತ್ತು ನಿಕೊಲಾಯ್ ಕೊಲ್ಚಾನೊವ್ 1992ರಲ್ಲಿ ಗುರುತಿಸಿದ ಪ್ರಸಿದ್ಧ ಹಾಟ್‌ಸ್ಪಾಟ್‌ನಲ್ಲಿ ನಾಲ್ಕು ಅಕ್ಷರಗಳಿವೆ: ಮೊದಲು ಎ ಅಥವಾ ಜಿ, ನಂತರ ಜಿ, ನಂತರ ಸಿ ಅಥವಾ ಟಿ, ಕೊನೆಗೆ ಎ ಅಥವಾ ಟಿ. ಉದಾಹರಣೆಗೆ ಎಜಿಸಿಟಿ. ಇನ್ನು ಕೆಲವು ಜೋಡಣೆಗಳು ಉತ್ಪರಿವರ್ತನೆಯನ್ನು ದೂರವಿಡುವ ತಣ್ಣನೆಯ ತಾಣಗಳು. ಹಾಟ್‌ಸ್ಪಾಟ್‌ಗಳು ಸಿಡಿಆರ್‌ಗಳಲ್ಲಿ ದಟ್ಟವಾಗಿರುವುದರಿಂದ ಅಲ್ಲಿ ಆಯ್ಕೆ ಇಲ್ಲದೆಯೂ ಹೆಚ್ಚು ಉತ್ಪರಿವರ್ತನೆಗಳು ಸೇರುತ್ತವೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಅನುಕ್ರಮದಲ್ಲಿ 10 ಉತ್ಪರಿವರ್ತನೆಗಳಿವೆ, ಅವುಗಳಲ್ಲಿ 5 ಸಿಡಿಆರ್‌ನ ಬದಲಿ ಉತ್ಪರಿವರ್ತನೆಗಳು ಎಂದಿಟ್ಟುಕೊಳ್ಳೋಣ. ಎಲ್ಲ ತಾಣಗಳೂ ಸಮಾನವೆಂದು ಭಾವಿಸಿ ಪ್ರತಿಯೊಂದು ಉತ್ಪರಿವರ್ತನೆಯೂ ಹಾಗೆ ಬೀಳುವ ಸಂಭವನೀಯತೆ 0.2 ಎಂದು ಹಿಡಿದರೆ, ಆಕಸ್ಮಿಕವಾಗಿ 5 ಅಥವಾ ಹೆಚ್ಚು ಬರುವ ಸಾಧ್ಯತೆ ಸುಮಾರು 0.033. ರೂಢಿಯ ಮಿತಿಯಾದ 0.05ಕ್ಕಿಂತ ಇದು ಕಡಿಮೆಯಾದ್ದರಿಂದ ‘ಆಯ್ಕೆ ನಡೆದಿದೆ’ ಎಂಬ ತೀರ್ಪು ಬರುತ್ತದೆ. ಹಾಟ್‌ಸ್ಪಾಟ್‌ಗಳ ಕಾರಣದಿಂದ ನಿಜವಾದ ಸಂಭವನೀಯತೆ 0.3 ಆಗಿದ್ದರೆ ಅದೇ ಸಾಧ್ಯತೆ ಸುಮಾರು 0.15ಕ್ಕೆ ಏರುತ್ತದೆ, ತೀರ್ಪು ಬಿದ್ದುಹೋಗುತ್ತದೆ. ದತ್ತಾಂಶ ಒಂದೇ. ಬದಲಾದದ್ದು ಹೋಲಿಕೆಯ ನೆಲೆ ಮಾತ್ರ.

ಬದಲಾವಣೆಯ ದಿಕ್ಕೂ ಸಮಾನವಲ್ಲ. ಪ್ರತಿ ಅಕ್ಷರಕ್ಕೆ ಸಾಧ್ಯವಿರುವ ಮೂರು ಬದಲಾವಣೆಗಳಲ್ಲಿ ಒಂದು ಮಾತ್ರ ಎ-ಜಿ ಅಥವಾ ಸಿ-ಟಿ ನಡುವಿನ ಸಮವರ್ಗದ ಬದಲಾವಣೆ. ವಾಸ್ತವದಲ್ಲಿ ಇಂಥವು ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿಯೇ ಕಂಡುಬರುತ್ತವೆ. ಕೋಡಾನಿನ ಮೂರನೆಯ ಅಕ್ಷರದಲ್ಲಿ ಸಮವರ್ಗದ ಬದಲಾವಣೆ ಬಹುತೇಕ ಮೂಕವಾಗಿರುವುದರಿಂದ ನಿರೀಕ್ಷಿತ ಆರ್/ಎಸ್ ಅನುಪಾತವೂ 2.9ರಿಂದ ಸರಿಯುತ್ತದೆ.

### ಕೋಡಾನ್ ಬಳಕೆಯ ಒಲವು

ಸೆರಿನ್ ಎಂಬ ಅಮೈನೋ ಆಮ್ಲಕ್ಕೆ ಆರು ಕೋಡಾನ್‌ಗಳಿವೆ. ಅವುಗಳಲ್ಲಿ ಎರಡು (ಎಜಿಸಿ, ಎಜಿಟಿ) ಒಂದು ಗುಂಪಾದರೆ, ಟಿಸಿಯಿಂದ ಆರಂಭವಾಗುವ ನಾಲ್ಕು ಇನ್ನೊಂದು ಗುಂಪು. ಎಜಿಸಿಯಲ್ಲಿ ಸಾಧ್ಯವಿರುವ ಒಂಬತ್ತು ಬದಲಾವಣೆಗಳಲ್ಲಿ ಒಂದು ಮಾತ್ರ ಮೂಕ, ಎಂಟು ಬದಲಿ. ಟಿಸಿಸಿಯಲ್ಲಿ ಮೂರು ಮೂಕ, ಆರು ಬದಲಿ. ಅಂದರೆ ಒಂದೇ ಅಮೈನೋ ಆಮ್ಲದ ಸ್ಥಾನದಲ್ಲಿ, ಆಯ್ಕೆಯ ಸೋಂಕಿಲ್ಲದೆಯೂ, ನಿರೀಕ್ಷಿತ ಅನುಪಾತ ಒಂದು ಕಡೆ 8 ಮತ್ತೊಂದು ಕಡೆ 2. ಸಾಲದ್ದಕ್ಕೆ ಎಜಿಸಿ ಮತ್ತು ಎಜಿಟಿ ಕೋಡಾನ್‌ಗಳು ಹಾಟ್‌ಸ್ಪಾಟ್ ಜೋಡಣೆಗೆ ಹೊಂದುತ್ತವೆ. 1995ರಲ್ಲಿ ಸೈಮನ್ ವ್ಯಾಗ್ನರ್, ಸೀಸರ್ ಮಿಲ್‌ಸ್ಟೈನ್ ಮತ್ತು ಮೈಕೆಲ್ ನ್ಯೂಬರ್ಗರ್ ಅವರು ಸೆರಿನ್ನಿಗೆ ಸಿಡಿಆರ್‌ಗಳಲ್ಲಿ ಮೊದಲ ಗುಂಪಿನ, ಚೌಕಟ್ಟಿನಲ್ಲಿ ಎರಡನೆಯ ಗುಂಪಿನ ಕೋಡಾನ್‌ಗಳು ಹೆಚ್ಚಾಗಿ ಬಳಕೆಯಾಗಿರುವುದನ್ನು ಎತ್ತಿತೋರಿಸಿದರು. ಪ್ರಭೇದಗಳ ದೀರ್ಘ ವಿಕಾಸವೇ ಈ ವಂಶವಾಹಿಗಳನ್ನು ಉತ್ಪರಿವರ್ತನೆ ಬೇಕಾದಲ್ಲಿ ಬೀಳುವಂತೆ ರೂಪಿಸಿದೆ. ಸಾವಿರಾರು ತಲೆಮಾರುಗಳ ಹಿಂದಿನ ಆ ವಿಕಾಸದ ಗುರುತನ್ನು ರೋಗಿಯೊಬ್ಬನ ದೇಹದಲ್ಲಿ ಕಳೆದ ತಿಂಗಳು ನಡೆದ ಆಯ್ಕೆಯೆಂದು ಓದುವ ಅಪಾಯ ಇಲ್ಲಿದೆ.

### ಒಂದು ಭಾಗದ ಆಯ್ಕೆ ಇನ್ನೊಂದರ ಲೆಕ್ಕವನ್ನು ಕೆಡಿಸುವುದು

ಹಳೆಯ ಪರೀಕ್ಷೆಗಳು ಸಿಡಿಆರ್‌ನ ಬದಲಿ ಉತ್ಪರಿವರ್ತನೆಗಳನ್ನು ಒಟ್ಟು ಉತ್ಪರಿವರ್ತನೆಗಳಿಗೆ ಹೋಲಿಸುತ್ತಿದ್ದವು. ಆ ಒಟ್ಟು ಸಂಖ್ಯೆಯಲ್ಲಿ ಚೌಕಟ್ಟಿನ ಬದಲಿ ಉತ್ಪರಿವರ್ತನೆಗಳೂ ಸೇರಿರುತ್ತವೆ. ಅವುಗಳಲ್ಲಿ ಹಲವು ಪ್ರೋಟೀನಿನ ಆಕಾರ ಕೆಡಿಸುವುದರಿಂದ ಋಣಾತ್ಮಕ ಆಯ್ಕೆಯಿಂದ ಕಳೆದುಹೋಗುತ್ತವೆ. ಛೇದ ಕಿರಿದಾದಾಗ ಭಿನ್ನರಾಶಿ ಹಿರಿದಾಗುತ್ತದೆ. ಕೆಳಗಿನ ಸರಳೀಕರಿಸಿದ ಕಲ್ಪಿತ ಲೆಕ್ಕದಲ್ಲಿ ಸಿಡಿಆರ್ ಮೇಲೆ ಯಾವ ಆಯ್ಕೆಯೂ ಇಲ್ಲ. ಚೌಕಟ್ಟಿನ 35 ಬದಲಿ ಉತ್ಪರಿವರ್ತನೆಗಳು ಮಾತ್ರ ಕಳೆದುಹೋಗಿವೆ.

| ಬಗೆ | ಆಯ್ಕೆಗೆ ಮುನ್ನ | ಆಯ್ಕೆಯ ನಂತರ |
|---|---|---|
| ಸಿಡಿಆರ್, ಬದಲಿ | 20 | 20 |
| ಸಿಡಿಆರ್, ಮೂಕ | 5 | 5 |
| ಚೌಕಟ್ಟು, ಬದಲಿ | 55 | 20 |
| ಚೌಕಟ್ಟು, ಮೂಕ | 20 | 20 |
| ಒಟ್ಟು | 100 | 65 |

ಸಿಡಿಆರ್‌ನ ಬದಲಿ ಉತ್ಪರಿವರ್ತನೆಗಳ ಪಾಲು 20%ರಿಂದ ಸುಮಾರು 31%ಕ್ಕೆ ಏರಿದಂತೆ ಕಾಣುತ್ತದೆ. 65ಕ್ಕೆ 13 ನಿರೀಕ್ಷಿಸಿದಲ್ಲಿ 20 ಸಿಕ್ಕಿವೆ. ದ್ವಿಪದ ಪರೀಕ್ಷೆಯಲ್ಲಿ ಇದರ ಪಿ-ಮೌಲ್ಯ 0.05ಕ್ಕಿಂತ ಕಡಿಮೆ. ಚೌಕಟ್ಟಿನಲ್ಲಿ ನಡೆದ ಶುದ್ಧೀಕರಣವನ್ನು ಸಿಡಿಆರ್‌ನಲ್ಲಿ ಪ್ರತಿಜನಕದ ಆಯ್ಕೆಯೆಂದು ಪರೀಕ್ಷೆ ಘೋಷಿಸುತ್ತದೆ. ಪ್ರತಿಕಾಯವು ಸರಿಯಾಗಿ ಮಡಚಿಕೊಂಡು ಜೀವಕೋಶದ ಮೇಲ್ಮೈಗೆ ಬರಲೇಬೇಕೆಂಬ ಒತ್ತಡ ಬಹುತೇಕ ಎಲ್ಲ ಬಿ ಜೀವಕೋಶಗಳಿಗೂ ಇರುವುದರಿಂದ ಈ ದೋಷ ಅಪರೂಪದ್ದಲ್ಲ.

### ಭಾಗಗಳ ಕುರಿತ ಪೂರ್ವಕಲ್ಪನೆ

ಸಿಡಿಆರ್‌ನಲ್ಲಿ ಬದಲಾವಣೆ ಒಳ್ಳೆಯದು, ಚೌಕಟ್ಟಿನಲ್ಲಿ ಕೆಟ್ಟದ್ದು ಎಂಬ ವಿಭಜನೆ ಸ್ಥೂಲವಾದುದು. ಸಿಡಿಆರ್‌ನಲ್ಲಿಯೂ ಈಗಾಗಲೇ ಪ್ರತಿಜನಕವನ್ನು ಚೆನ್ನಾಗಿ ಹಿಡಿದಿರುವ ಅಮೈನೋ ಆಮ್ಲಗಳನ್ನು ಬದಲಿಸುವುದು ಹಾನಿಕರ. ಒಂದೇ ಭಾಗದೊಳಗೆ ಧನಾತ್ಮಕ ಮತ್ತು ಋಣಾತ್ಮಕ ಆಯ್ಕೆಗಳೆರಡೂ ನಡೆದರೆ ಸರಾಸರಿಯಲ್ಲಿ ಅವು ಒಂದನ್ನೊಂದು ಅಳಿಸಿಹಾಕುತ್ತವೆ.

ಎನ್‌ಪಿ ಎಂಬ ರಾಸಾಯನಿಕಕ್ಕೆ ಇಲಿಗಳು ತೋರುವ ಪ್ರತಿಕ್ರಿಯೆ ಇದಕ್ಕೆ ಹೆಸರಾಂತ ಉದಾಹರಣೆ. ಭಾರ ಸರಪಳಿಯ 33ನೆಯ ಸ್ಥಾನದಲ್ಲಿ ಟ್ರಿಪ್ಟೊಫಾನ್ ಹೋಗಿ ಲ್ಯೂಸಿನ್ ಬಂದರೆ, ಆ ಒಂದೇ ಬದಲಾವಣೆಯಿಂದ ಬಂಧನಶಕ್ತಿ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಇಂತಹ ಜೀವಕೋಶವು ಬಲವಾದ ಆಯ್ಕೆಗೆ ಒಳಗಾಗಿದ್ದರೂ ಅದರ ಲೆಕ್ಕದಲ್ಲಿ ಹೆಚ್ಚುವುದು ಒಂದೇ ಒಂದು ಬದಲಿ ಉತ್ಪರಿವರ್ತನೆ. ಬರೀ ಎಣಿಕೆಯ ಪರೀಕ್ಷೆಗೆ ಅದು ಗೋಚರಿಸದು.

ಚೌಕಟ್ಟಿನ ವಿಷಯದಲ್ಲಿಯೂ ಹೀಗೆಯೇ. ಎಚ್‌ಐವಿಯ ಅನೇಕ ಬಗೆಗಳನ್ನು ತಡೆಯಬಲ್ಲ ವ್ಯಾಪಕ ತಟಸ್ಥಕಾರಿ ಪ್ರತಿಕಾಯಗಳಲ್ಲಿ ಉತ್ಪರಿವರ್ತನೆಗಳು ಅಸಾಧಾರಣ ಸಂಖ್ಯೆಯಲ್ಲಿರುತ್ತವೆ. ಅವುಗಳ ವ್ಯಾಪಕತೆಗೆ ಚೌಕಟ್ಟಿನ ಉತ್ಪರಿವರ್ತನೆಗಳೂ ಸಾಮಾನ್ಯವಾಗಿ ಅಗತ್ಯವೆಂದು ಫ್ಲೋರಿಯನ್ ಕ್ಲೈನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಇದಲ್ಲದೆ ಕಬಾಟ್, ಚೋಥಿಯಾ ಮತ್ತು ಐಎಂಜಿಟಿ ಕ್ರಮಗಳು ಸಿಡಿಆರ್‌ನ ಗಡಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತವೆ. ಗಡಿ ಸರಿದರೆ ಎಣಿಕೆಯೂ ಸರಿಯುತ್ತದೆ.

### ಸ್ವತಂತ್ರವಲ್ಲದ ಎಣಿಕೆ

ದ್ವಿಪದ ಪರೀಕ್ಷೆಯು ಪ್ರತಿ ಉತ್ಪರಿವರ್ತನೆಯನ್ನೂ ಸ್ವತಂತ್ರ ಘಟನೆಯೆಂದು ಭಾವಿಸುತ್ತದೆ. ಒಂದೇ ತಾಯಿಕೋಶದಿಂದ ಬಂದ 20 ಜೀವಕೋಶಗಳಲ್ಲಿ ಒಂದೇ ಉತ್ಪರಿವರ್ತನೆ ಕಂಡರೆ, ಅದು ಬಹುಮಟ್ಟಿಗೆ ಪೂರ್ವಜನಲ್ಲಿ ಒಮ್ಮೆ ನಡೆದು ಸಂತತಿಗೆ ಸಾಗಿಬಂದದ್ದು. ಅದನ್ನು 20 ಬಾರಿ ಎಣಿಸಿದರೆ ಸಾಕ್ಷ್ಯ ಕೃತಕವಾಗಿ ಉಬ್ಬುತ್ತದೆ. ಇದನ್ನು ತಪ್ಪಿಸಲು ತದ್ರೂಪಿ ಗುಂಪಿನ ವಂಶವೃಕ್ಷವನ್ನು ರಚಿಸಿ, ಕೊಂಬೆಗಳ ಮೇಲೆ ಉತ್ಪರಿವರ್ತನೆಗಳನ್ನು ಎಣಿಸಬೇಕು. ವಂಶವಾಹಿಯ ಎಲ್ಲ ಅಕ್ಷರಗಳೂ ಒಟ್ಟಿಗೇ ಸಾಗುವುದರಿಂದ, ಉಪಯುಕ್ತ ಬದಲಾವಣೆಯೊಂದರ ಜೊತೆಗಿದ್ದ ಮೂಕ ಉತ್ಪರಿವರ್ತನೆಗಳೂ ಅದರ ಬೆನ್ನೇರಿ ಹರಡುತ್ತವೆ. ಯಾವ ಉತ್ಪರಿವರ್ತನೆ ಎಷ್ಟು ಜೀವಕೋಶಗಳಲ್ಲಿದೆ ಎಂಬುದಷ್ಟೇ ಆಯ್ಕೆಯ ಅಳತೆಯಾಗದು.

### ಮೂಲ ಅನುಕ್ರಮ ಮತ್ತು ಪ್ರಯೋಗಾಲಯದ ದೋಷಗಳು

ಉತ್ಪರಿವರ್ತನೆ ಎಂದರೆ ಮೂಲದಿಂದಾದ ವ್ಯತ್ಯಾಸ. ಮೂಲ ಯಾವುದೆಂದು ತಪ್ಪಾಗಿ ಗುರುತಿಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಮೂಲ ವಂಶವಾಹಿಗಳ ಪ್ರಮುಖ ಆಕರವಾದ ಐಎಂಜಿಟಿಯನ್ನು ಮಾರಿ-ಪೌಲ್ ಲೆಫ್ರಾಂಕ್ ಅವರು 1989ರಲ್ಲಿ ಫ್ರಾನ್ಸಿನ ಮೊಂಪೆಲ್ಲಿಯೆಯಲ್ಲಿ ಆರಂಭಿಸಿದರು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಮೂಲ ವಂಶವಾಹಿಗಳೇ ಭಿನ್ನವಾಗಿರುತ್ತವೆ. ಒಬ್ಬ ವ್ಯಕ್ತಿ ಹುಟ್ಟಿನಿಂದ ಹೊತ್ತುತಂದ, ಪಟ್ಟಿಯಲ್ಲಿ ಇನ್ನೂ ಸೇರದ ರೂಪವೊಂದು ಆತನ ಎಲ್ಲ ಅನುಕ್ರಮಗಳಲ್ಲಿ ಒಂದೇ ಸ್ಥಾನದ ಉತ್ಪರಿವರ್ತನೆಯಂತೆ ಕಾಣಿಸಿಕೊಳ್ಳುತ್ತದೆ. ಹಲವು ಜೀವಕೋಶಗಳಲ್ಲಿ ಮತ್ತೆ ಮತ್ತೆ ಕಾಣುವ ಉತ್ಪರಿವರ್ತನೆ ಆಯ್ಕೆಯ ಪ್ರಬಲ ಕುರುಹೆಂದು ಭಾವಿಸುವುದರಿಂದ ಈ ತಪ್ಪು ವಿಶೇಷವಾಗಿ ದಾರಿತಪ್ಪಿಸುತ್ತದೆ.

ಮೂರನೆಯ ಸಿಡಿಆರ್ ತುಣುಕುಗಳು ಕೂಡುವ ಸ್ಥಳದಲ್ಲಿದೆ. ಅಲ್ಲಿ ಯಾವ ಮಾದರಿಯೂ ಇಲ್ಲದೆ ಅಕ್ಷರಗಳು ಸೇರಿಕೊಳ್ಳುವುದರಿಂದ ಮೂಲವನ್ನು ಖಚಿತವಾಗಿ ಹೇಳಲಾಗದು. ಪ್ರತಿಜನಕದ ಸಂಪರ್ಕದಲ್ಲಿ ಇದರ ಪಾತ್ರ ಬಹಳ ದೊಡ್ಡದಾದರೂ ಹೆಚ್ಚಿನ ವಿಶ್ಲೇಷಣೆಗಳು ಇದನ್ನು ಕೈಬಿಡಬೇಕಾಗುತ್ತದೆ.

ಡಿಎನ್‌ಎಯನ್ನು ಪಿಸಿಆರ್ ಮೂಲಕ ವರ್ಧಿಸುವಾಗಲೂ ಅನುಕ್ರಮವನ್ನು ಓದುವಾಗಲೂ ತಪ್ಪುಗಳು ನುಸುಳುತ್ತವೆ. ಅವು ಉತ್ಪರಿವರ್ತನೆಗಳೊಡನೆ ಬೆರೆತು ಲೆಕ್ಕವನ್ನು ಮಸುಕಾಗಿಸುತ್ತವೆ. ಪ್ರತಿ ಮೂಲ ಅಣುವಿಗೂ ಪ್ರತ್ಯೇಕ ಗುರುತಿನ ಪಟ್ಟಿಯನ್ನು ಅಂಟಿಸಿ, ಅದರ ಹಲವು ಪ್ರತಿಗಳನ್ನು ಹೋಲಿಸಿ ತಪ್ಪುಗಳನ್ನು ತೆಗೆಯುವ ಕ್ರಮ ಈಗ ರೂಢಿಯಲ್ಲಿದೆ.

### ಚಿಕ್ಕ ಮಾದರಿ, ಹಲವು ಪರೀಕ್ಷೆ

ಒಂದು ಅನುಕ್ರಮದಲ್ಲಿ ಉತ್ಪರಿವರ್ತನೆಗಳು ಕಡಿಮೆಯಿದ್ದರೆ ಪರೀಕ್ಷೆಗೆ ಬಲವಿರುವುದಿಲ್ಲ. ಒಟ್ಟು 4 ಉತ್ಪರಿವರ್ತನೆಗಳಲ್ಲಿ 2 ಸಿಡಿಆರ್‌ನ ಬದಲಿಗಳಾಗಿದ್ದರೆ, 0.2 ಸಂಭವನೀಯತೆಯಲ್ಲಿ ಅದು ನಿರೀಕ್ಷೆಯ ಎರಡೂವರೆ ಪಟ್ಟು. ಆದರೂ ಪಿ-ಮೌಲ್ಯ 0.18. ಇದರಿಂದ ‘ಆಯ್ಕೆ ಇಲ್ಲ’ ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ‘ಹೇಳಲು ಸಾಕಷ್ಟು ಸಾಕ್ಷ್ಯವಿಲ್ಲ’ ಎಂಬುದಷ್ಟೇ ಸರಿ. ಇದಕ್ಕೆ ವ್ಯತಿರಿಕ್ತವಾಗಿ, ಆಯ್ಕೆಯೇ ಇಲ್ಲದ 100 ತದ್ರೂಪಿ ಗುಂಪುಗಳನ್ನು 0.05ರ ಮಿತಿಯಲ್ಲಿ ಒಂದೊಂದಾಗಿ ಪರೀಕ್ಷಿಸಿದರೆ ಸುಮಾರು 5 ಗುಂಪುಗಳು ಆಕಸ್ಮಿಕವಾಗಿಯೇ ‘ಆಯ್ಕೆಗೊಂಡಂತೆ’ ಕಾಣಬಹುದು. ಅವನ್ನಷ್ಟೇ ಆರಿಸಿ ವರದಿ ಮಾಡಿದರೆ ಓದುಗರಿಗೆ ಸಿಗುವ ಚಿತ್ರ ಸುಳ್ಳಾಗುತ್ತದೆ.

## ಸುಧಾರಿತ ವಿಧಾನಗಳು

ಕೇಂದ್ರೀಕೃತ ದ್ವಿಪದ ಪರೀಕ್ಷೆ: ಉರಿ ಹರ್ಷ್‌ಬರ್ಗ್, ಮೊಹಮದ್ ಉದುಮಾನ್, ಶ್ಲೋಮ್ಚಿಕ್ ಮತ್ತು ಸ್ಟೀವನ್ ಕ್ಲೈನ್‌ಸ್ಟೈನ್ ಇದನ್ನು 2008ರಲ್ಲಿ ಪ್ರಕಟಿಸಿದರು. ಸಿಡಿಆರ್ ಅನ್ನು ಪರೀಕ್ಷಿಸುವಾಗ ಚೌಕಟ್ಟಿನ ಬದಲಿ ಉತ್ಪರಿವರ್ತನೆಗಳನ್ನು ಛೇದದಿಂದ ಹೊರಗಿಟ್ಟು, ಎಲ್ಲ ಮೂಕ ಉತ್ಪರಿವರ್ತನೆಗಳನ್ನು ಮಾತ್ರ ಹೋಲಿಕೆಗೆ ಬಳಸಲಾಗುತ್ತದೆ. ಮೇಲಿನ ಕೋಷ್ಟಕದಲ್ಲಿ ಹೀಗೆ ಲೆಕ್ಕ ಹಾಕಿದರೆ ಆಯ್ಕೆಗೆ ಮುನ್ನವೂ ನಂತರವೂ 45ರಲ್ಲಿ 20 ಎಂಬ ಒಂದೇ ಉತ್ತರ ಬರುತ್ತದೆ, ಸುಳ್ಳು ಪತ್ತೆ ಮಾಯವಾಗುತ್ತದೆ.

ನಿಷ್ಕ್ರಿಯ ಅನುಕ್ರಮಗಳ ಬಳಕೆ: ಬಿ ಜೀವಕೋಶದಲ್ಲಿ ಕೆಲವೊಮ್ಮೆ ಒಂದು ವರ್ಣತಂತುವಿನ ಜೋಡಣೆ ಓದಿನ ಕ್ರಮ ತಪ್ಪಿ ವಿಫಲವಾಗಿರುತ್ತದೆ. ಅದರಿಂದ ಪ್ರೋಟೀನು ತಯಾರಾಗದಿದ್ದರೂ ಉತ್ಪರಿವರ್ತನೆ ಅದರ ಮೇಲೂ ನಡೆಯುತ್ತದೆ. ಆಯ್ಕೆಯಿಲ್ಲದ ಉತ್ಪರಿವರ್ತನೆ ಹೇಗಿರುತ್ತದೆ ಎಂಬುದಕ್ಕೆ ಇದು ನಿಸರ್ಗವೇ ಒದಗಿಸಿದ ಹೋಲಿಕೆ. ಕಾನರ್ ಮೆಕಾಯ್ ಮತ್ತು ಸಂಗಡಿಗರು 2015ರಲ್ಲಿ ಇಂತಹ ಅನುಕ್ರಮಗಳನ್ನು ನೆಲೆಯಾಗಿಟ್ಟುಕೊಂಡು ಸ್ಥಾನವಾರು ಆಯ್ಕೆಯನ್ನು ಅಳೆದರು. ಆದರೆ ಮೊದಲು ಸರಿಯಾಗಿದ್ದು, ಉತ್ಪರಿವರ್ತನೆಯ ವೇಳೆ ಅಕ್ಷರ ಬಿಟ್ಟುಹೋಗಿ ನಿಷ್ಕ್ರಿಯವಾದ ಅನುಕ್ರಮಗಳಲ್ಲಿ ಹಿಂದಿನ ಆಯ್ಕೆಯ ಗುರುತು ಉಳಿದಿರಬಹುದು. ಅಂಥವನ್ನು ಬೇರ್ಪಡಿಸುವುದು ಅಗತ್ಯ.

ಐದಕ್ಷರ ಮಾದರಿ: ಗುರ್ ಯಾರಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಎಸ್5ಎಫ್ ಮಾದರಿಯು ಪ್ರತಿ ಅಕ್ಷರದ ಎಡಬಲದ ಎರಡೆರಡು ಅಕ್ಷರಗಳನ್ನು ಗಮನಿಸಿ ಅದರ ಉತ್ಪರಿವರ್ತನಶೀಲತೆಯನ್ನು ಅಂದಾಜಿಸುತ್ತದೆ. ಆಯ್ಕೆಯ ಪ್ರಭಾವ ತಗುಲದಂತೆ ಮೂಕ ಉತ್ಪರಿವರ್ತನೆಗಳಿಂದ ಮಾತ್ರ ಇದನ್ನು ರೂಪಿಸಲಾಗಿದೆ.

ಬೇಸ್‌ಲೈನ್: ಯಾರಿ, ಉದುಮಾನ್ ಮತ್ತು ಕ್ಲೈನ್‌ಸ್ಟೈನ್ 2012ರಲ್ಲಿ ರೂಪಿಸಿದ ಈ ಬೇಯ್ಸ್ ಮಾದರಿಯ ವಿಧಾನವು ‘ಹೌದು’ ಅಥವಾ ‘ಅಲ್ಲ’ ಎನ್ನುವುದರ ಬದಲು ಆಯ್ಕೆಯ ಬಲವನ್ನು ಒಂದು ವಿತರಣೆಯಾಗಿ ನೀಡುತ್ತದೆ. ಹಲವು ಅನುಕ್ರಮಗಳ ಫಲಿತಾಂಶಗಳನ್ನು ಕೂಡಿಸಿ ಎರಡು ಗುಂಪುಗಳನ್ನು ಹೋಲಿಸುವುದು ಇದರಿಂದ ಸಾಧ್ಯವಾಯಿತು.

ವಂಶವೃಕ್ಷ ಮಾದರಿಗಳು: ಪ್ರಭೇದಗಳ ವಿಕಾಸವನ್ನು ಅಳೆಯುವ ರೂಢಿಯ ಕೋಡಾನ್ ಮಾದರಿಗಳು ಪ್ರತಿ ಸ್ಥಾನವೂ ನೆರೆಯವುಗಳಿಂದ ಸ್ವತಂತ್ರವೆಂದು ಭಾವಿಸುತ್ತವೆ. ಹಾಟ್‌ಸ್ಪಾಟ್ ಒಮ್ಮೆ ಉತ್ಪರಿವರ್ತನೆಗೊಂಡರೆ ಹಾಟ್‌ಸ್ಪಾಟ್ ಆಗಿ ಉಳಿಯುವುದಿಲ್ಲವಾದ್ದರಿಂದ ಪ್ರತಿಕಾಯಗಳಿಗೆ ಈ ಭಾವನೆ ಒಪ್ಪುವುದಿಲ್ಲ. ಕೆನೆತ್ ಹೋನ್, ಗರ್ಟನ್ ಲಂಟರ್ ಮತ್ತು ಆಲಿವರ್ ಪೈಬಸ್ 2017ರಲ್ಲಿ ಪ್ರಕಟಿಸಿದ ಮಾದರಿಯು ಹಾಟ್‌ಸ್ಪಾಟ್‌ಗಳ ಪ್ರಭಾವವನ್ನು ವಂಶವೃಕ್ಷದ ಲೆಕ್ಕದೊಳಗೇ ಸೇರಿಸಿಕೊಂಡಿತು.

## ಮಹತ್ವ

ಈ ಚರ್ಚೆ ಕೇವಲ ಲೆಕ್ಕಾಚಾರದ್ದಲ್ಲ. ಲಿಂಫೋಮಾ ಮುಂತಾದ ಬಿ ಜೀವಕೋಶದ ಕ್ಯಾನ್ಸರ್‌ಗಳಲ್ಲಿ ಗೆಡ್ಡೆಯ ಪ್ರತಿಕಾಯ ವಂಶವಾಹಿಯಲ್ಲಿ ಆಯ್ಕೆಯ ಗುರುತು ಕಂಡರೆ, ಯಾವುದೋ ಪ್ರತಿಜನಕ ಗೆಡ್ಡೆಯನ್ನು ಪೋಷಿಸಿದೆ ಎಂಬ ತೀರ್ಮಾನಕ್ಕೆ ಬರುವುದುಂಟು. ಆ ತೀರ್ಮಾನ ಸುಳ್ಳು ಪತ್ತೆಯ ಮೇಲೆ ನಿಂತಿದ್ದರೆ, ಇಲ್ಲದ ಪ್ರತಿಜನಕದ ಹುಡುಕಾಟದಲ್ಲಿ ಶ್ರಮ ವ್ಯರ್ಥವಾಗುತ್ತದೆ. ಆಯ್ಕೆ ನಿಜವಾಗಿದ್ದರೂ ಅದಕ್ಕೆ ಪ್ರತಿಜನಕವೇ ಕಾರಣವಾಗಬೇಕೆಂದಿಲ್ಲ. ಫಾಲಿಕ್ಯುಲರ್ ಲಿಂಫೋಮಾದ ಬಹುಪಾಲು ಪ್ರಕರಣಗಳಲ್ಲಿ ಉತ್ಪರಿವರ್ತನೆಯಿಂದ ಚರ ಭಾಗದಲ್ಲಿ ಸಕ್ಕರೆಯ ಸರಪಳಿ ಅಂಟಿಕೊಳ್ಳುವ ಹೊಸ ತಾಣಗಳು ಮೂಡಿರುತ್ತವೆ. ಗೆಡ್ಡೆಯ ಉಳಿವಿಗೆ ಈ ಸಕ್ಕರೆಯೇ ನೆರವಾಗುತ್ತದೆಂದು ಭಾವಿಸಲಾಗಿದೆ.

ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದಲ್ಲಿ ಪ್ರತಿಕಾಯ ವಂಶವಾಹಿಯು ಮೂಲಕ್ಕೆ 98% ಅಥವಾ ಹೆಚ್ಚು ಹೋಲಿದರೆ ಕಾಯಿಲೆ ಸಾಮಾನ್ಯವಾಗಿ ಹೆಚ್ಚು ಉಗ್ರವಾಗಿರುತ್ತದೆ ಎಂಬುದನ್ನು 1999ರ ಎರಡು ಅಧ್ಯಯನಗಳು ತೋರಿಸಿದವು. ಇದು ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಅಳತೆ. ಆದರೆ ಇದು ಉತ್ಪರಿವರ್ತನೆಯ ಪ್ರಮಾಣವನ್ನು ಅಳೆಯುತ್ತದೆಯೇ ಹೊರತು ಆಯ್ಕೆಯನ್ನಲ್ಲ. ಉತ್ಪರಿವರ್ತನೆಗಳು ಹೆಚ್ಚಿವೆ ಎಂದ ಮಾತ್ರಕ್ಕೆ ಆಯ್ಕೆ ನಡೆದಿದೆ ಎಂದಾಗುವುದಿಲ್ಲ.

ಲ್ಯೂಪಸ್‌ನಂತಹ ಸ್ವನಿರೋಧಕ ಕಾಯಿಲೆಗಳಲ್ಲಿ ದೇಹದ ಸ್ವಂತ ಅಣುಗಳೇ ಬಿ ಜೀವಕೋಶಗಳನ್ನು ಆಯ್ದು ಬೆಳೆಸುತ್ತಿವೆಯೇ ಎಂಬ ಪ್ರಶ್ನೆಗೂ, ಲಸಿಕೆ ಪಡೆದವರಲ್ಲಿ ಪ್ರತಿಕಾಯಗಳು ಬಯಸಿದ ದಿಕ್ಕಿನಲ್ಲಿ ಪಕ್ವವಾಗುತ್ತಿವೆಯೇ ಎಂಬ ಪ್ರಶ್ನೆಗೂ ಇದೇ ಪರೀಕ್ಷೆಗಳನ್ನು ಬಳಸಲಾಗುತ್ತದೆ.

## ಫಲಿತಾಂಶಗಳನ್ನು ಓದುವ ಬಗೆ

ಪ್ರತಿಕಾಯ ವಂಶವಾಹಿಗಳಲ್ಲಿ ಆಯ್ಕೆ ಕಂಡುಬಂದಿದೆ ಎನ್ನುವ ವರದಿಯನ್ನು ಓದುವಾಗ ಕೆಲವು ಪ್ರಶ್ನೆಗಳು ಉಪಯುಕ್ತ:

* ಆಯ್ಕೆ ಇಲ್ಲದಾಗಿನ ನಿರೀಕ್ಷೆಯನ್ನು ಎಲ್ಲಿಂದ ಪಡೆಯಲಾಗಿದೆ? ಹಾಟ್‌ಸ್ಪಾಟ್‌ಗಳನ್ನು ಪರಿಗಣಿಸಲಾಗಿದೆಯೇ?
* ಸಿಡಿಆರ್‌ನ ಹೋಲಿಕೆಯಲ್ಲಿ ಚೌಕಟ್ಟಿನ ಬದಲಿ ಉತ್ಪರಿವರ್ತನೆಗಳು ಸೇರಿವೆಯೇ?
* ಸಂಬಂಧಿತ ಅನುಕ್ರಮಗಳನ್ನು ವಂಶವೃಕ್ಷವಾಗಿ ಜೋಡಿಸಿ ಎಣಿಸಲಾಗಿದೆಯೇ?
* ವ್ಯಕ್ತಿಯ ಮೂಲ ವಂಶವಾಹಿಯನ್ನು ಖಚಿತಪಡಿಸಿಕೊಳ್ಳಲಾಗಿದೆಯೇ?
* ಎಷ್ಟು ಅನುಕ್ರಮಗಳನ್ನು ಪರೀಕ್ಷಿಸಲಾಯಿತು, ಎಷ್ಟನ್ನು ವರದಿ ಮಾಡಲಾಯಿತು?
* ಬಂಧನಶಕ್ತಿಯನ್ನು ಪ್ರಯೋಗದಿಂದ ಅಳೆಯಲಾಗಿದೆಯೇ?

ಕೊನೆಯ ಪ್ರಶ್ನೆಗೆ ವಿಶೇಷ ತೂಕವಿದೆ. ಉತ್ಪರಿವರ್ತನೆಗೊಂಡ ಪ್ರತಿಕಾಯವನ್ನೂ, ಉತ್ಪರಿವರ್ತನೆಗಳನ್ನು ಹಿಂದಿರುಗಿಸಿ ಪಡೆದ ಅದರ ಮೂಲರೂಪವನ್ನೂ ಪ್ರಯೋಗಾಲಯದಲ್ಲಿ ತಯಾರಿಸಿ, ಎರಡೂ ಪ್ರತಿಜನಕವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಎಂದು ನೇರವಾಗಿ ಹೋಲಿಸಬಹುದು. ಸಂಖ್ಯಾಶಾಸ್ತ್ರೀಯ ಪರೀಕ್ಷೆಯು ಇಂತಹ ಪ್ರಯೋಗಕ್ಕೆ ದಾರಿ ತೋರಬಲ್ಲದು, ಅದರ ಸ್ಥಾನವನ್ನು ತುಂಬಲಾರದು.

## ಇವನ್ನೂ ನೋಡಿ

* ಪ್ರತಿಕಾಯ
* ಬಿ ಜೀವಕೋಶ
* ಉತ್ಪರಿವರ್ತನೆ
* ನೈಸರ್ಗಿಕ ಆಯ್ಕೆ
* ತಳಿ ಸಂಕೇತ
* ದ್ವಿಪದ ವಿತರಣೆ